ಡಬ್ಬಿಯ ಮೇಲಿನ ಗೂಡು

ಕಾಕಾ ತೀರಿಕೊಂಡ ಸುದ್ದಿಯನ್ನು ನನಗೆ ಹೇಳಿದವನು ಗೋಕಾಕದ ಪೆಟ್ರೋಲ್ ಪಂಪಿನವನು. ಅವನು ಗುರುತು ಹಿಡಿದದ್ದು ನನ್ನನ್ನಲ್ಲ, ನನ್ನ ಗಾಡಿಯನ್ನು. ಟಾಕಿಯ ಮುಚ್ಚಳ ತಿರುವುತ್ತ, "ಇದನ್ನ ನೋಡ್ಕೋತಿದ್ದ ಕಾಕಾ ಹ್ವಾದ್ರಲ್ರಿ, ನಿಮಗ ಗೊತ್ತಾಗ್ಲಿಲ್ಲೇನು?" ಅಂದ. ಬೇರೆ ತಾಲೂಕಿಗೆ ವರ್ಗವಾಗಿ ಹೋಗಿದ್ದ ನನಗೆ ಯಾರು ಹೇಳಬೇಕು? ಆಗಲೇ ಇಪ್ಪತ್ತು ದಿನ ಕಳೆದಿತ್ತಂತೆ. ಪೆಟ್ರೋಲು ತುಂಬಿ ಟಾಕಿಯ ಮೇಲೆ ಹರಿದದ್ದು ಅವನಿಗೂ ಕಾಣಲಿಲ್ಲ, ನನಗೂ ಕಾಣಲಿಲ್ಲ.

ನಾನು ಯಾರನ್ನೂ ಸುಲಭವಾಗಿ ಹೊಗಳುವವನಲ್ಲ. ದನದ ದವಾಖಾನೆಯಲ್ಲಿ ನೌಕರಿ ಮಾಡಿದವನಿಗೆ ದನಗಳ ಮೇಲೆ ಹುಟ್ಟುವ ಗೌರವ ಮನುಷ್ಯರ ಮೇಲೆ ಹುಟ್ಟುವುದು ಸ್ವಲ್ಪ ಕಷ್ಟ. ಮೂಗಿನ ತುದಿಯಲ್ಲೇ ಸಿಟ್ಟು ಇರುವವನು ಎಂದು ನನ್ನ ಹೆಂಡತಿಯೂ ಹೇಳುತ್ತಾಳೆ, ಮೇಲಿನ ಸಾಹೇಬರೂ ಬರೆದಿದ್ದಾರೆ. ಆದರೆ ಈ ಒಬ್ಬರ ಮುಂದೆ ನಾನು ಸಣ್ಣವನಾಗಿ ನಿಂತಿದ್ದೇನೆ. ಎಷ್ಟು ಸಣ್ಣವನು ಎಂಬುದು ಮಾತ್ರ ತಿಳಿದದ್ದು ಅವರು ಹೋದ ಮೇಲೆ.

ಅವರ ಅಂಗಡಿ ಪೇಟೆಯಿಂದ ಹೊರಗೆ ಬರುವ ರಸ್ತೆಯಲ್ಲಿತ್ತು. ಒಂದೇ ಖೋಲಿ, ಮುಂದೆ ತಗಡಿನ ಚಪ್ಪರ. ಬೋರ್ಡು ಇರಲಿಲ್ಲ, ಯಾರಿಗೂ ಬೇಕಾಗಿರಲಿಲ್ಲ. ಮೆಕ್ಯಾನಿಕ್ ಎಂದರೆ ಎಣ್ಣೆ ಕುಡಿದ ಖಾಕಿ ಅಂಗಿ, ಬಾಯಲ್ಲಿ ಗುಟ್ಕಾ ಎಂದುಕೊಂಡು ಹೋದವರು ಕಾಕಾನನ್ನೇ "ಮೆಕ್ಯಾನಿಕ್ ಎಲ್ಲಿ ಹೋಗ್ಯಾನ್ರಿ?" ಎಂದು ಕೇಳುತ್ತಿದ್ದರು. ಬಿಳಿ ಪೈಜಾಮ, ಬಿಳಿ ಅಂಗಿ, ಬಿಳಿ ಟೊಪ್ಪಿಗೆ. ಸಂಜೆ ಮನೆಗೆ ಹೊರಟಾಗಲೂ ಅಷ್ಟೇ ಬಿಳಿ. ಇದು ಹೇಗೆ ಸಾಧ್ಯವೆಂದು ನಾನು ಬಹಳ ದಿನ ಕಣ್ಣಿಟ್ಟು ನೋಡಿದ್ದೇನೆ. ಗುಟ್ಟೇನೂ ಇರಲಿಲ್ಲ, ಅವರು ಅವಸರ ಮಾಡುತ್ತಿರಲಿಲ್ಲ, ಅಷ್ಟೇ.

ಗಾಡಿಯನ್ನು ಒಳಗೆ ತರುವ ಮೊದಲು ಮೆತ್ತನೆಯ ಕಸಬರಿಗೆಯಿಂದ ನೆಲ ಗುಡಿಸುತ್ತಿದ್ದರು. ಇರುವೆ ಸಾಲು ಹೊರಟಿದ್ದರೆ ಗಾಡಿಯನ್ನು ಬಾಜೂಕ್ಕೆ ನಿಲ್ಲಿಸಿ ಕಾಯುತ್ತಿದ್ದರು. ಪೆಟ್ರೋಲನ್ನು ಬಟ್ಟೆಯಲ್ಲಿ ಎರಡೆರಡು ಸಲ ಸೋಸುತ್ತಿದ್ದರು. "ಕಾಕಾ, ಪೆಟ್ರೋಲಿನಾಗೂ ಜೀವ ಇರತಾವೇನ್ರಿ?" ಎಂದು ನಾನು ಕೆಣಕಿದೆ.

"ಅದರಾಗ ಇರೂದು ಕಸಾ, ಡಾಕ್ಟರ. ಎಲ್ಲಾದರಾಗೂ ಧರ್ಮ ತರಬ್ಯಾಡ್ರಿ" ಅಂದರು. ನಾನು ಡಾಕ್ಟರನಲ್ಲ, ಬರೀ ಜಾನುವಾರು ಇನ್‌ಸ್ಪೆಕ್ಟರ್. ಆದರೆ ಆ ಕಡೆ ದನ ಮುಟ್ಟುವವರೆಲ್ಲ ಡಾಕ್ಟರರೇ.

ಅವರು ಜೈನರು. ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಕೆಲಸವೂ ಇಲ್ಲ, ಏಕೆಂದರೆ ದೀಪ ಹಚ್ಚಿದರೆ ಹುಳಗಳು ಬಂದು ಬೀಳುತ್ತವೆ. ಮಳೆಗಾಲದ ನಾಲ್ಕು ತಿಂಗಳು ದಿನಕ್ಕೆ ಒಂದೇ ಊಟ, ಅದೂ ಮಧ್ಯಾಹ್ನ, ಅದೂ ಮನೆಯಲ್ಲಿ. ಇದನ್ನು ಅವರು ಯಾರ ಮುಂದೆಯೂ ಆಡುತ್ತಿರಲಿಲ್ಲ. ಹನ್ನೆರಡೂವರೆಗೆ ಬಾಗಿಲು ಅರ್ಧ ಎಳೆದಿದ್ದರೆ ಕಾಕಾ ಉಣ್ಣಲು ಹೋಗಿದ್ದಾರೆಂದು ಮಂದಿಯೇ ತಿಳಿದುಕೊಂಡು ಚಪ್ಪರದ ಕೆಳಗೆ ಕೂಡುತ್ತಿದ್ದರು.

ಕಿಡಿಯನ್ನು ಅವರು ಕೈಯಿಂದ ನೋಡುತ್ತಿದ್ದರು. ಬೇರೆಯವರು ಪ್ಲಗ್ ಬಿಚ್ಚಿ ಎಂಜಿನ್ನಿಗೆ ತಾಗಿಸಿ ಕಿಡಿ ಹಾರುತ್ತದೋ ಇಲ್ಲವೋ ಎಂದು ಕಣ್ಣು ಕಿರಿದು ಮಾಡುತ್ತಾರೆ. ಕಾಕಾ ಪ್ಲಗ್ಗಿನ ವಾಯರಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು "ಹೊಡೀರಿ ಕಿಕ್" ಅನ್ನುತ್ತಿದ್ದರು. ಮೊಣಕೈ ಜಿಗಿಯುತ್ತಿತ್ತು, ಮುಖ ಅಲುಗುತ್ತಿರಲಿಲ್ಲ. "ಕಾಯಲ್ ಹಳೇದಾಗೇತಿ, ಇನ್ನ ಎರಡ ತಿಂಗಳ ಬರತೈತಿ" ಅನ್ನುವರು. ಸರಿಯಾಗಿ ಎರಡು ತಿಂಗಳಿಗೆ ಆ ಮನುಷ್ಯ ಗಾಡಿ ನೂಕಿಕೊಂಡು ಬರುತ್ತಿದ್ದ. ನಾನೂ ಒಮ್ಮೆ ಹಿಡಿದು ನೋಡಿದೆ. ಚೀರಿ ಹಿಂದಕ್ಕೆ ಹಾರಿ ಚಪ್ಪರದ ಕಂಬಕ್ಕೆ ತಲೆ ಬಡಿದುಕೊಂಡೆ. "ನಿಮಗ ಎಮ್ಮಿ ಒದಿಕಿ ಸಾಕ್ರಿ" ಎಂದು ಕಾಕಾ ನೀರು ಕೊಟ್ಟರು.

ನನ್ನ ಗಾಡಿಯ ಕಥೆಯನ್ನೂ ಹೇಳಬೇಕು. ಹಿಡಕಲ್ ಡ್ಯಾಮಿನ ಕೆಲಸ ನಡೆದ ಕಾಲದಲ್ಲಿ ಯಾರೋ ಎಂಜಿನಿಯರರು ಪರದೇಶದಿಂದ ಒಂದೇ ತರದ ಎರಡು ಮೋಟಾರ್ ಸೈಕಲ್ ತರಿಸಿದ್ದರಂತೆ. ಹೋಗುವಾಗ ಒಂದನ್ನು ನನ್ನ ಸೋದರಮಾವನಿಗೂ ಇನ್ನೊಂದನ್ನು ಹುಕ್ಕೇರಿಯ ಸಾಲಿ ಮಾಸ್ತರರೊಬ್ಬರಿಗೂ ಮಾರಿ ಹೋದರು. ಮಾವನ ಗಾಡಿ ನನಗೆ ಬಂತು. ಅದರ ಕಿಡಿ ಹುಟ್ಟುವುದು ಸೀಟಿನ ಕೆಳಗೆ ಬೋಲ್ಟ್ ಹಾಕಿ ಕೂಡಿಸಿದ ಒಂದು ಕರಿ ಡಬ್ಬಿಯಿಂದ. ಅಂಗೈಯಗಲದ ಡಬ್ಬಿ, ಒಳಗೆ ಡಾಂಬರಿನಂಥದ್ದನ್ನು ಹೊಯ್ದು ಮುಚ್ಚಿರುತ್ತಾರೆ. ಅದು ಕೆಟ್ಟರೆ ಬೇರೆ ಹಾಕಬೇಕು. ಆ ಬೇರೆ ಡಬ್ಬಿ ನಮ್ಮ ಸೀಮೆಯಲ್ಲಿ ಒಂದೇ ಒಂದು ಕಡೆ ಇತ್ತು, ಹುಕ್ಕೇರಿ ಮಾಸ್ತರರ ಗಾಡಿಯೊಳಗೆ.

ತೊಂಬತ್ತರ ದಶಕದ ನಡುವೆ ನಾನು ಗೋಕಾಕ ತಾಲೂಕಿನ ಕುಲಗೋಡದಲ್ಲಿದ್ದೆ. ಆಕಳು ಎಮ್ಮೆಗಳಿಗೆ ಗಬ್ಬದ ಇಂಜೆಕ್ಷನ್ ಮಾಡುವುದು ನನ್ನ ಕೆಲಸ. ಹೋರಿಯ ಬೀಜದ ಕಡ್ಡಿಗಳನ್ನು ತಣ್ಣನೆಯ ಹೊಗೆಯಾಡುವ ಕ್ಯಾನಿನಲ್ಲಿಟ್ಟು, ಕ್ಯಾನನ್ನು ಗಾಡಿಯ ಹಿಂದಿನ ಕಬ್ಬಿಣದ ಬುಟ್ಟಿಯಲ್ಲಿಟ್ಟು, ಮೇಲವಂಕಿ ನಾಗನೂರ ಎಂದು ದಿನವಿಡೀ ತಿರುಗುವುದು. ಬಸ್ಸಿಗೆ ಹೋಗುವಂತಿರಲಿಲ್ಲ. ಒಮ್ಮೆ ಹೋಗಿದ್ದಾಗ ಕ್ಯಾನು ಹೊಗೆಯಾಡುವುದನ್ನು ಕಂಡ ಕಂಡಕ್ಟರು ಬಾಂಬೆಂದು ಕೂಗಿ ಬಸ್ಸಿನ ಮಂದಿಯನ್ನೆಲ್ಲ ಕಬ್ಬಿನ ಹೊಲಕ್ಕೆ ಇಳಿಸಿದ್ದ. ಗಾಡಿ ನಿಂತರೆ ನನ್ನ ನೌಕರಿಯೇ ನಿಂತಂತೆ.

ಆ ವರ್ಷ ಗಣಪತಿ ಹಬ್ಬಕ್ಕೆ ಮೊದಲು ನನಗೆ ಕಾಮಾಲೆಯಾಗಿ ಮೂರು ವಾರ ಹಾಸಿಗೆ ಹಿಡಿದೆ. ಗಾಡಿ ಪಡಸಾಲೆಯಲ್ಲಿ ನಿಂತಿತ್ತು. ಗಣಪತಿ ನೀರಿಗೆ ಹೋಗಿ ಮೂರು ದಿನಕ್ಕೆ ನಾನು ಮತ್ತೆ ಕೆಲಸಕ್ಕೆ ಎದ್ದೆ. ಅವತ್ತು ಬೆಳಿಗ್ಗೆ ಮೊದಲ ಬಸ್ಸಿಗೇ ನಾಗನೂರಿನಿಂದ ವಯಸ್ಸಾದ ಆಯಿಯೊಬ್ಬಳು ಬಂದು ಬಾಗಿಲಲ್ಲಿ ಕೂತಿದ್ದಳು. ಅವಳಿಗಿದ್ದದ್ದು ಒಂದೇ ಜರ್ಸಿ ಆಕಳು. ಎರಡು ಸಲ ಇಂಜೆಕ್ಷನ್ ಮಾಡಿದ್ದೆ, ಎರಡು ಸಲವೂ ಗಬ್ಬ ನಿಂತಿರಲಿಲ್ಲ.

"ಡಾಕ್ಟ್ರ, ಆಕಳ ಹೋರಿಗೆ ಬಂದೈತ್ರಿ. ನಸಿಕಿನಿಂದ ಒದರಾಕತ್ತೈತಿ" ಅಂದಳು. ಆಮೇಲೆ ನನ್ನ ಮುಖ ನೋಡದೆ ಹೇಳಿದಳು: "ಈ ಸಲಾನೂ ನಿಲ್ಲಲಿಲ್ಲಂದ್ರ ಸಂತಿಗೆ ಹೊಡದ ಬಿಡತೇನ್ರಿ. ಬರಡ ಆಕಳಕ ಎಷ್ಟ ದಿನಾಂತ ಮೇವ ಹಾಕೂನು?" ಸಂತೆಯಿಂದ ಅಂಥ ಆಕಳು ಎಲ್ಲಿಗೆ ಹೋಗುತ್ತದೆಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಬೆಳಿಗ್ಗೆ ಹೀಗೆ ಬೆದೆಗೆ ಬಂದ ಆಕಳಿಗೆ ಸಂಜೆಯೊಳಗೆ ಇಂಜೆಕ್ಷನ್ ಆಗಬೇಕು. ಮರುದಿನಕ್ಕೆ ಬಿಟ್ಟರೆ ಹೊತ್ತು ಮೀರಿರುತ್ತದೆ. ನಾನು ಮಲಗಿದ್ದ ದಿನಗಳಲ್ಲಿ ಕ್ಯಾನು ಒಣಗಿತ್ತು. ಗೋಕಾಕಕ್ಕೆ ಹೋಗಿ ತುಂಬಿಸಿಕೊಂಡು ಹೊತ್ತು ಮುಳುಗುವುದರೊಳಗೆ ನಾಗನೂರಿಗೆ ಬರುತ್ತೇನೆಂದು ಆಯಿಗೆ ಮಾತು ಕೊಟ್ಟೆ. ಗೋಕಾಕಕ್ಕೆ ಹೋದದ್ದೂ ಆಯಿತು, ಕ್ಯಾನು ತುಂಬಿಸಿದ್ದೂ ಆಯಿತು. ತಿರುಗಿ ಹೊರಡಲು ಕಿಕ್ ಹೊಡೆದರೆ ಗಾಡಿ ಉಸಿರೆತ್ತಲಿಲ್ಲ. ಕಾಮಾಲೆಯಿಂದ ಎದ್ದ ಕಾಲಿನಲ್ಲಿ ಅದನ್ನು ನೂಕಿಕೊಂಡು ಕಾಕಾನ ಅಂಗಡಿ ಮುಟ್ಟುವಾಗ ನನ್ನ ಬಾಯಲ್ಲಿ ಬರಬಾರದ ಮಾತೆಲ್ಲ ಬಂದಿತ್ತು.

ಕಾಕಾ ವಾಯರು ಹಿಡಿದರು. ನಾನು ಕಿಕ್ ಹೊಡೆದೆ. ಮೊಣಕೈ ಅಲುಗಲಿಲ್ಲ. ಇನ್ನೊಂದು ಸಲ. ಅಲುಗಲಿಲ್ಲ. ಕಾಯಲ್ ನೋಡಿದರು, ವಾಯರುಗಳನ್ನು ಒಂದೊಂದಾಗಿ ಬೆರಳಿನಿಂದ ಹಿಂಬಾಲಿಸಿ ಸೀಟಿನವರೆಗೆ ಬಂದರು. "ಡಬ್ಬಿ ಹೋಗೇತ್ರಿ. ವಯಸ್ಸಾಗಿತ್ತು" ಅಂದರು. ಸೀಟು ಎತ್ತಿದರು. ಬೋಲ್ಟು ಬಿಚ್ಚಲು ಪಾನಾ ಹಿಡಿದಿದ್ದ ಕೈ ಅಲ್ಲೇ ನಿಂತಿತು.

ಡಬ್ಬಿಯ ಮೇಲೆ, ಅದರ ಎರಡೂ ಬೋಲ್ಟುಗಳನ್ನು ಮುಚ್ಚಿಕೊಂಡು, ಮುಷ್ಟಿಯಷ್ಟು ಮಣ್ಣಿನ ಗಡ್ಡೆ. ಕಾಕಾ ಕಣ್ಣಿನ ಚಾಳೀಸು ತೆಗೆದು ಅಂಗಿಯ ಚುಂಗಿನಿಂದ ಒರೆಸಿ ಹಾಕಿಕೊಂಡರು. ಬಗ್ಗಿ ಬಹಳ ಹೊತ್ತು ನೋಡಿದರು. "ಕುಂಬಾರ ಹುಳದ ಗೂಡ್ರಿ. ಒಂದ, ಎರಡ, ಮೂರ, ನಾಕ. ನಾಕ ಮನಿ ಅದಾವು. ನಾಕೂ ಬಾಯಿ ಮುಚ್ಯಾವು. ಒಳಗ ಮರಿ ಅದಾವು" ಎಂದು ಪಾನಾವನ್ನು ಬಟ್ಟೆಯ ಮೇಲಿಟ್ಟರು.

"ಕೆರದ ಒಗೀರಿ ಕಾಕಾ!" ಅಂದೆ.

ಕಾಕಾ ಪಾನಾ ಮುಟ್ಟಲಿಲ್ಲ. ನಾನು ನಾಗನೂರಿನ ಆಕಳ ಸಂಗತಿ ಹೇಳಿದೆ, ಸಂತೆಯ ಸಂಗತಿ ಹೇಳಿದೆ, ದನಿ ಏರಿಸಿಯೇ ಹೇಳಿದೆ. "ನಿಮ್ಮ ಹುಳಾ ಉಳಿಸಾಕ ಹೋಗಿ ಆಕಳ ಹೋಗತೈತ್ರಿ. ಯಾವುದು ದೊಡ್ಡ ಪಾಪ? ಅಷ್ಟಕ್ಕೂ ಆ ಹುಳದ ಹಣೇಬರಾ ನನಗ ಗೊತ್ತೈತಿ. ತಾಯಿ ಹುಳ ಜೇಡಗೋಳನ್ನ ಹಿಡಕೊಂಡ ಬಂದ ಮರಿಗೋಳ ಬಾಜೂಕ ತುಂಬಿಟ್ಟ ಹೋಗಿರತೈತಿ. ಮರಿ ಅವನ್ನ ತಿಂದ ಬೆಳೀತಾವು. ಅವೇನ ನಿಮ್ಮಂಗ ಒಪ್ಪತ್ತ ಇರತಾವೇನ್ರಿ?"

"ಅವುಗೋಳ ಧರ್ಮ ಅವಕ್ಕ. ನಂದು ನನಗ" ಅಂದರು ಕಾಕಾ, ಸಿಟ್ಟಿಲ್ಲದೆ.

ನಾನು ಸ್ಕ್ರೂ ಡ್ರೈವರ್ ಎತ್ತಿಕೊಂಡೆ. ಕಾಕಾ ತಡೆಯಲಿಲ್ಲ, ಒಂದು ಹೆಜ್ಜೆ ಹಿಂದೆ ಸರಿದರು. "ಗಾಡಿ ನಿಮ್ಮದು, ನಾ ಬ್ಯಾಡ ಅನ್ನಾಕ ಯಾರು? ಖರೆ ಒಂದ ಮಾತ. ಆಕಳ ಉಳೀಬೇಕಂದ್ರ ಹುಳಾ ಸಾಯಬೇಕಂತ ನಿಮಗ ಯಾರ ಹೇಳಿದ್ರು? ಒಂದ ಸ್ವಲ್ಪ ನನಗ ನೋಡಾಕ ಬಿಡ್ರಿ. ಮೊದಲ ನೋಡೂದು, ಆಮ್ಯಾಲ ಮುಟ್ಟೂದು." ಆ ದನಿಯಲ್ಲಿ ಬೇಡಿಕೆ ಇರಲಿಲ್ಲ, ಉಪದೇಶವೂ ಇರಲಿಲ್ಲ. ನಾನು ಸ್ಕ್ರೂ ಡ್ರೈವರ್ ಕೆಳಗಿಟ್ಟೆ.

ಚಹಾ ಕುಡಿಯುವಷ್ಟು ಹೊತ್ತು ಅವರು ಗಾಡಿಯ ಮುಂದೆ ಕುಕ್ಕರಗಾಲಲ್ಲಿ ಕೂತರು. ಡಬ್ಬಿಯ ವಾಯರುಗಳು ಗೂಡಿಲ್ಲದ ಕಡೆಯಿಂದ ಹೊರಗೆ ಬಂದಿದ್ದವು. ಸತ್ತ ಡಬ್ಬಿಯನ್ನು ಗೂಡಿನ ಸಮೇತ ಅಲ್ಲೇ ಬಿಡುವುದು, ಒಂದು ಗೇಣು ಈಚೆಗೆ ವಾಯರು ಕತ್ತರಿಸುವುದು, ಇನ್ನೊಂದು ಡಬ್ಬಿಯನ್ನು ಬೇರೆ ಜಾಗದಲ್ಲಿ ಕೂಡಿಸಿ ಜೋಡಿಸುವುದು. ಹೇಳಿದಾಗ ಎಷ್ಟು ಸುಲಭವೆನಿಸಿತೆಂದರೆ ನನಗೆ ನಾಚಿಕೆಯಾಯಿತು. ಪುಸ್ತಕ ಓದಿ ಪಾಸಾದ ನನ್ನ ತಲೆಗೆ ಕೆರೆದು ಒಗೆಯುವುದೊಂದೇ ಹೊಳೆದಿತ್ತು. ಆದರೆ ಇನ್ನೊಂದು ಡಬ್ಬಿ?

"ಹನ್ನೊಂದರ ಬಸ್ ಐತಿ. ನಡೀರಿ ಹುಕ್ಕೇರಿಗೆ" ಅಂದರು. ನಾನೊಬ್ಬನೇ ಹೋಗಿ ಬರುತ್ತೇನೆಂದೆ. "ಮಾಸ್ತರ ನಿಮಗ ಕೊಡೂದಿಲ್ಲ" ಎಂದು ನೀರಿನ ತಂಬಿಗೆಗೆ ಬಟ್ಟೆ ಕಟ್ಟಿಕೊಂಡು ಬಾಗಿಲು ಎಳೆದರು. ಕ್ಯಾನು ಖೋಲಿಯ ತಂಪಿನಲ್ಲಿ ಉಳಿಯಿತು. ಹನ್ನೆರಡೂವರೆಯ ಅವರ ಊಟ ನನಗೆ ನೆನಪಾಗಲೇ ಇಲ್ಲ.

ಹುಕ್ಕೇರಿ ಮಾಸ್ತರರು ನಿವೃತ್ತರಾಗಿ ಎಷ್ಟೋ ವರ್ಷವಾಗಿತ್ತು. ಗಾಡಿಯನ್ನು ಪಡಸಾಲೆಯಲ್ಲಿ ಹೆಂಡತಿಯ ಹಳೆಯ ಇಳಕಲ್ ಸೀರೆ ಹೊದಿಸಿ ನಿಲ್ಲಿಸಿದ್ದರು. ಓಡಿಸುತ್ತಿರಲಿಲ್ಲ. ರವಿವಾರ ಬೆಳಿಗ್ಗೆ ಜಳಕ ಮಾಡಿ ಅದನ್ನೊಮ್ಮೆ ಚಾಲೂ ಮಾಡುವುದು, ಕಣ್ಣು ಮುಚ್ಚಿ ಅದರ ಸದ್ದು ಕೇಳುವುದು, ಆಮೇಲೆ ಚಹಾ. ಇಂಥವರ ಹತ್ತಿರ ಡಬ್ಬಿ ಕೇಳುವುದೆಂದರೆ!

"ಕಾಕಾ, ನನ್ನ ಕಣ್ಣ ಕೇಳ್ರಿ, ಕೊಡತೇನಿ. ಡಬ್ಬಿ ಕೇಳಬ್ಯಾಡ್ರಿ" ಎಂದು ಮಾಸ್ತರರು ಎದ್ದು ನಿಂತರು.

ಕಾಕಾ ಕಟ್ಟೆಯ ಮೇಲೆ ಕೂತೇ ಇದ್ದರು. ಬೇಡಿಕೊಳ್ಳಲಿಲ್ಲ. ಆಯಿ, ಆಕಳು, ಸಂತೆ, ಗೂಡು ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳಿದರು. "ಒಂದ ಆಕಳ, ನಾಕ ಹುಳ. ಐದ ಜೀವದ ಮಾತ್ರಿ ಮಾಸ್ತರ. ಗೂಡ ಖಾಲಿ ಆದ ದಿನಾ ನಾ ಹಳೇ ಡಬ್ಬಿ ಬಿಚ್ಚಿ ಸುದ್ದ ಮಾಡತೇನಿ. ನಿಮ್ಮದನ್ನ ನನ್ನ ಕೈಲೆ ತಂದ ಕೊಡತೇನಿ" ಅಂದರು.

"ಆ ಡಬ್ಬಿ ಸುದ್ದ ಆಗೂದಿಲ್ಲ ಅಂತಾರಲ್ರಿ, ಒಳಗ ಡಾಂಬರ ಹಾಕಿರತಾರಂತ."

"ಮನಷಾರ ಹಾಕಿದ ಡಾಂಬರ ಅಲ್ಲೇನ್ರಿ ಅದು?"

ಮಾಸ್ತರರು ಗಾಡಿಯ ಹತ್ತಿರ ಹೋದರು. ಆಮೇಲೆ ಸೀರೆ ಸರಿಸಿ, ಯಾರಿಗೂ ಮುಟ್ಟಗೊಡದೆ ತಾವೇ ಸೀಟು ಎತ್ತಿ ಬೋಲ್ಟು ಬಿಚ್ಚಿ, ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. "ರವಿವಾರ ಇನ್ನ ಮನಿ ಬಣಬಣಾ ಅಂತೈತಿ" ಎಂದರು ನನ್ನನ್ನು ನೋಡಿ. ಅವರ ಮನೆಯವರು ಒಳಗಿನಿಂದ "ಉಂಡ ಹೋಗ್ರಿ" ಎಂದು ಕರೆದರು. "ಬ್ಯಾಡ್ರಿ ವೈನಿ, ಇವರಿಗೆ ನೀಡ್ರಿ" ಎಂದು ಕಾಕಾ ನನ್ನನ್ನು ಒಳಗೆ ಕಳಿಸಿದರು. ನಾನು ಮೂರು ರೊಟ್ಟಿ, ಬದನೆಕಾಯಿ ಎಣಗಾಯಿ ಹೊಡೆದು ಬಂದೆ. ಕಾಕಾ ಕಟ್ಟೆಯ ಮೇಲೆ ಕೂತು ತಂಬಿಗೆಯ ನೀರು ಕುಡಿಯುತ್ತಿದ್ದರು.

ಗೋಕಾಕಕ್ಕೆ ತಿರುಗಿ ಬಂದಾಗ ನಾಲ್ಕು ಹೊಡೆದಿತ್ತು. ಅಲ್ಲಿಂದ ಮುಂದಿನ ಒಂದು ತಾಸು ನಾನು ಕಂಡದ್ದನ್ನು ಇನ್ನೂ ಮರೆತಿಲ್ಲ. ಕಾಕಾ ಮೊದಲು ಅರ್ಧ ತೆಂಗಿನ ಚಿಪ್ಪನ್ನು ಗೂಡಿನ ಮೇಲೆ ಬೋರಲು ಮುಚ್ಚಿದರು, ಕೈ ಜಾರಿ ಪಾನಾ ಬಡಿಯಬಾರದೆಂದು. ಮಾಸ್ತರರ ಡಬ್ಬಿಯನ್ನು ಟೂಲ್ ಬಾಕ್ಸಿನ ಹಿಂದೆ ಸೈಕಲ್ ಟ್ಯೂಬಿನ ರಬ್ಬರು ಸುತ್ತಿ ಕೂಡಿಸಿದರು, ಎಂಜಿನ್ನಿನ ಕಾವು ತಟ್ಟದ ಹಾಗೆ. ವಾಯರುಗಳನ್ನು ಕತ್ತರಿಸಿ, ಬಣ್ಣಕ್ಕೆ ಬಣ್ಣ ಹೊಂದಿಸಿ, ಬೆಸುಗೆ ಹಾಕಿ, ಒಂದೊಂದನ್ನೂ ಜಗ್ಗಿ ನೋಡಿದರು. ಬೆಸುಗೆಯ ಕಾವಿಗೆ ಗೂಡು ಬಿಸಿಯಾಯಿತೇನೋ ಎಂದು ನಡುನಡುವೆ ಚಿಪ್ಪಿನ ಕೆಳಗೆ ಬೆರಳು ತೂರಿಸಿ ನೋಡುತ್ತಿದ್ದರು. ಬೆಳಗಿನಿಂದ ಹೊಟ್ಟೆಗಿಲ್ಲದ ಅರವತ್ತರ ಮನುಷ್ಯ. ಬೆರಳು ಒಂದು ಸಲವೂ ನಡುಗಲಿಲ್ಲ. ನಾನು ಗಡಿಯಾರ ನೋಡಿಕೊಳ್ಳುತ್ತಿದ್ದವನು ಯಾವಾಗಲೋ ಅದನ್ನು ಬಿಟ್ಟು ಅವರ ಕೈಯನ್ನೇ ನೋಡುತ್ತ ಕೂತಿದ್ದೆ. ನನ್ನ ನೌಕರಿಯಲ್ಲಿ ನಾನು ಯಾವ ಜೀವವನ್ನೂ ಅಷ್ಟು ಹುಷಾರಿನಿಂದ ಮುಟ್ಟಿರಲಿಲ್ಲ, ಇದು ಖರೆ.

"ಹೊಡೀರಿ ಕಿಕ್."

ಕಾಕಾನ ಮೊಣಕೈ ಮೇಲಕ್ಕೆ ಜಿಗಿಯಿತು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಹೊರಟಾಗ ಚಿಪ್ಪು ತೆಗೆದು ಸೀಟು ಮುಚ್ಚುತ್ತ ಹೇಳಿದರು: "ಖಡ್ಡಾದಾಗ ಜಿಗಸಬ್ಯಾಡ್ರಿ, ನಾಕ ಮಂದಿ ಕುಂತಾರ. ಮರಿ ಹೊರಗ ಬಂದ ಮ್ಯಾಲ ಒಂದೊಂದ ಮನಿಗೆ ಒಂದೊಂದ ದುಂಡಂದು ತೂತ ಬೀಳತೈತಿ. ನಾಕೂ ಬಿದ್ದ ಮ್ಯಾಲ ಬರ್ರಿ." ನಾನು ಹೊತ್ತು ಮುಳುಗುವ ಮೊದಲೇ ನಾಗನೂರಿನಲ್ಲಿದ್ದೆ. ಆಯಿ ಹಾದಿಯಲ್ಲೇ ನಿಂತಿದ್ದಳು. ಇಂಜೆಕ್ಷನ್ ಆಯಿತು. ಕಾಕಾ ಅವತ್ತು ಇಡೀ ದಿನ ಊಟವಿಲ್ಲದೆ ಮಲಗಿದರೆಂದು ಎರಡು ದಿನದ ಮೇಲೆ ಅವರ ಬಾಜೂ ಅಂಗಡಿಯವನು ಬೈದು ಹೇಳಿದ. ನಾನು ಕೈಮುಗಿಯಲು ಹೋದರೆ ಕಾಕಾ ಕೇಳಿದ್ದು, "ತೂತ ಬಿದ್ದುವೇನ್ರಿ?" ಎಂದು.

ಆಮೇಲೆ ಗೋಕಾಕಕ್ಕೆ ಹೋದಾಗಲೆಲ್ಲ ಅದೇ ಪ್ರಶ್ನೆ. ಗಾಡಿ ಹೇಗಿದೆ ಎಂದಲ್ಲ, ಡಬ್ಬಿ ಹೇಗಿದೆ ಎಂದಲ್ಲ. ಸೀಟು ಎತ್ತಿ ಇಬ್ಬರೂ ನೋಡುತ್ತಿದ್ದೆವು. ನನಗೂ ಅದು ರೂಢಿಯಾಯಿತು. ಗುಂಡಿ ಬಂದರೆ ಬ್ರೇಕು ಹಾಕುತ್ತಿದ್ದೆ. ಮೇಲವಂಕಿಯ ರೈತರು "ಡಾಕ್ಟರಿಗೆ ಕಾಮಣಿ ಆದ ಮ್ಯಾಲ ಅಂಜಿಕಿ ಬಂದೈತಿ" ಎಂದು ನಗುತ್ತಿದ್ದರು.

ಇಪ್ಪತ್ತೊಂದನೆಯ ದಿನ ನಾಗನೂರಿಗೆ ಹೋದೆ. ಗಬ್ಬ ನಿಲ್ಲದಿದ್ದರೆ ಆಕಳು ಆ ಹೊತ್ತಿಗೆ ಮತ್ತೆ ಹೋರಿಗೆ ಬರಬೇಕು. ಬಂದಿರಲಿಲ್ಲ. ತಣ್ಣಗೆ ನಿಂತು ಮೆಲುಕು ಹಾಕುತ್ತಿತ್ತು. ಪೂರಾ ಖಾತ್ರಿಯಾಗಲು ಇನ್ನೂ ಎರಡು ತಿಂಗಳು ಬೇಕು. ಆದರೆ ಅದರ ಕಣ್ಣು ನೋಡಿದರೇ ನನಗೆ ತಿಳಿಯಿತು, ಆಯಿಗೂ ತಿಳಿಯಿತು. ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು. ಮರುದಿನ ದಸರೆಯ ಖಂಡೇಪೂಜೆ. ಗಾಡಿಯೆಲ್ಲ ರಾಡಿಯಾಗಿತ್ತು. "ಇಲ್ಲೇ ಪಂಪ್ ಚಾಲೂ ಐತಿ, ತೊಳಕೊಂಡ ಹೋಗ್ರಿ ಡಾಕ್ಟ್ರ, ನಾಳೆ ಪೂಜಿ ಮಾಡಾಕ" ಅಂದಳು.

ಅಷ್ಟು ಖುಷಿಯಲ್ಲಿ ನಾನು ಗಾಡಿಯನ್ನು ಎಂದೂ ತೊಳೆದಿರಲಿಲ್ಲ. ಪೈಪಿನ ನೀರು ರಭಸದಿಂದ ಬೀಳುತ್ತಿತ್ತು. ಗಾಲಿ ತೊಳೆದೆ, ಎಂಜಿನ್ನು ತೊಳೆದೆ. ಹಬ್ಬವಲ್ಲವೇ, ಮೂಲೆಮೂಲೆಯೂ ಚೊಕ್ಕವಾಗಲೆಂದು ಸೀಟು ಎತ್ತಿ ಪೈಪನ್ನು ಒಳಗೆ ಹಿಡಿದೆ. ಮಣ್ಣು ಕರಗಿ ಕೆಂಪು ನೀರು ಇಳಿಯಿತು. ಅದರ ಜೊತೆಗೆ ಕಾಗದದಂಥ ತೆಳ್ಳನೆಯ ಸಿಪ್ಪೆಯೊಳಗೆ ಮಡಚಿಕೊಂಡಿದ್ದ ನಾಲ್ಕು ಹುಳಗಳು. ಒಂದಕ್ಕೆ ಆಗಲೇ ರೆಕ್ಕೆಯ ಗುರುತು ಮೂಡಿತ್ತು. ನಾನು ಪೈಪು ಬಿಟ್ಟು ಕೈ ಹಾಕುವುದರೊಳಗೆ ಕಬ್ಬಿನ ಸಾಲಿನ ನೀರು ಅವನ್ನು ಎಳೆದುಕೊಂಡು ಹೋಯಿತು. ಆಯಿ ಆಕಳ ಮೈ ತಿಕ್ಕುತ್ತ ಹಾಡು ಗುನುಗುತ್ತಿದ್ದಳು.

ಹಬ್ಬ ಮುಗಿದ ಮೇಲೆ ಗೋಕಾಕಕ್ಕೆ ಹೋದೆ. ಹೋಗುವ ಹಾದಿಯಲ್ಲೆಲ್ಲ ಖರೆ ಹೇಳಬೇಕೆಂದೇ ಇದ್ದೆ. ಕಾಕಾ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ಬಂದು, "ತೂತ ಬಿದ್ದುವೇನ್ರಿ?" ಅಂದರು.

"ಹಾರಿ ಹ್ವಾದುವು ಕಾಕಾ" ಅಂದೆ.

"ನಾಕೂ?"

"ನಾಕೂ."

ಅವರ ಮುಖ ಎಷ್ಟು ಅರಳಿತೆಂದರೆ ನಾನು ರಸ್ತೆಯ ಕಡೆ ತಿರುಗಿಕೊಂಡೆ. ಕಾಕಾ ಸೀಟು ಎತ್ತಿದರು. ಚಾಳೀಸು ಒರೆಸಿ ಹಾಕಿಕೊಂಡರು. ಬೋಲ್ಟಿನ ಬುಡದಲ್ಲಿ ಇನ್ನೂ ಒಂದಿಷ್ಟು ಮಣ್ಣು ಅಂಟಿತ್ತು. ಅದರ ಮೇಲೆ ಬೆರಳಾಡಿಸಿ ಬಹಳ ಹೊತ್ತು ನೋಡಿದರು. "ಚೊಕ್ಕ ತೊಳದೀರಿ" ಅಂದರು.

"ಖಂಡೇಪೂಜಿ ಇತ್ತಲ್ರಿ" ಅಂದೆ.

"ಹೂಂ. ಚಲೋ ಆತು." ಅಷ್ಟೇ. ಕುಡಿಯಲು ನನಗೆ ನೀರು ಕೊಟ್ಟರು. ಹಳೆಯ ಡಬ್ಬಿ ಬಿಚ್ಚಿಕೊಂಡರು. ಇದ್ದಿಲಿನ ಶೇಗಡಿಯ ಮೇಲೆ ಉಸುಕು ಕಾಸಿ, ಅದರೊಳಗೆ ಡಬ್ಬಿ ಹುಗಿದು, ಡಾಂಬರು ಮೆತ್ತಗಾದ ಹಾಗೆಲ್ಲ ಬಿದಿರಿನ ಕಡ್ಡಿಯಿಂದ ತೆಗೆಯುತ್ತ ಕೂತರು. ಒಳಗಿನ ಜೋಳದ ಕಾಳಿನಷ್ಟು ಸಾಮಾನೊಂದು ಸುಟ್ಟಿತ್ತು. ಅಂಥದನ್ನೇ ಟೀವಿ ರಿಪೇರಿಯವನ ಹತ್ತಿರ ತಂದು ಹಾಕಿದರು. ಯಾರೂ ಬಿಚ್ಚಲಾಗದೆಂದ ಡಬ್ಬಿ ಮೂರನೆಯ ದಿನ ಕಿಡಿ ಹಾರಿಸಿತು, ಇವತ್ತಿಗೂ ಹಾರಿಸುತ್ತಿದೆ. ಮಾಸ್ತರರ ಡಬ್ಬಿಯನ್ನು ತಾವೇ ಹುಕ್ಕೇರಿಗೆ ಒಯ್ದು ಕೊಟ್ಟು ಬಂದರು. ನಾನು ಪಾರಾದೆ ಅಂದುಕೊಂಡೆ.

ಮುಂದಿನ ವರ್ಷ ಆಯಿಯ ಆಕಳು ಹೆಣ್ಣು ಕರು ಹಾಕಿತು. ಓಡಿಹೋಗಿ ಕಾಕಾನಿಗೆ ಹೇಳಿದೆ. ಪಾನಾ ಒರೆಸುತ್ತಿದ್ದವರು ಟೊಪ್ಪಿಗೆ ತೆಗೆದು ಮತ್ತೆ ಹಾಕಿಕೊಂಡರು. "ಭಾಳ ಚಲೋ ಆತ್ರಿ. ಒಂದರ ಉಳೀತಲ್ಲ" ಅಂದರು. ನಾನು ಆ ಮಾತಿನ ಬಗ್ಗೆ ಹೆಚ್ಚು ವಿಚಾರ ಮಾಡಲಿಲ್ಲ. ಹತ್ತು ವರ್ಷ ವಿಚಾರ ಮಾಡಲಿಲ್ಲ.

ಪಂಪಿನವನು ಸುದ್ದಿ ಹೇಳಿದ ದಿನ ಅಲ್ಲಿಂದ ಸೀದಾ ಕಾಕಾನ ಮನೆಗೆ ಹೋದೆ. ಅವರ ಮನೆಯವರನ್ನು ನಾವೆಲ್ಲ ಕಾಕು ಎನ್ನುತ್ತಿದ್ದೆವು. ಕಾಕು ಬಾಗಿಲ ಹತ್ತಿರ ಅಕ್ಕಿ ಆರಿಸುತ್ತ ಕೂತಿದ್ದರು, ಹುಳ ಸಿಕ್ಕರೆ ಒಂದು ವಾಟಗದಲ್ಲಿ ಬೇರೆ ಇಡುತ್ತ. ನನ್ನ ಗುರುತು ಅವರಿಗೆ ಅಷ್ಟಾಗಿ ಇರಲಿಲ್ಲ. ಗಾಡಿಯ ಸಲುವಾಗಿ ಅಂಗಡಿಗೆ ಬರುತ್ತಿದ್ದವನೆಂದೆ. ಅವರು ಕಡೆಯ ದಿನಗಳ ಮಾತು ಹೇಳಿದರು, ಮಕ್ಕಳ ಮಾತು ಹೇಳಿದರು. ಆಮೇಲೆ ತಾವಾಗಿಯೇ ಅಂದರು:

"ಹಟಾ ಭಾಳ ಇತ್ರಿ ಅವರಿಗೆ. ಒಂದ ವರ್ಷ ದಸರಾ ಆದ ಮ್ಯಾಲ ಅಂಗಡಿಯಿಂದ ಬಂದ್ರು, ಉಣ್ಣಾಕ ಬರ್ರಿ ಅಂದ್ರ ಇಲ್ಲ ಅಂದ್ರು. ಮರದಿನಾನೂ ಇಲ್ಲ. ನಾಕ ದಿನಾರಿ. ಬರೇ ಕಾಸಿದ ನೀರು, ಅದೂ ಹಗಲಿ. ಯಾಕಂತ ಕೇಳಿ ಕೇಳಿ ಸಾಕಾತು. ಕಡೀಕ ಹೇಳಿದ್ರು, 'ನಾ ಹಿಡದ ಕೆಲಸದಾಗ ನಾಕ ಜೀವ ಹ್ವಾದುವು, ತೂತ ಬೀಳೂಕಿಂತ ಮೊದಲ. ಒಂದಕ್ಕ ಒಂದ ದಿನಾ' ಅಂತ. ಅದರಾಗ ಹುಕ್ಕೇರಿಗೆ ಬ್ಯಾರೆ ಹೋಗಿ ಬಂದ್ರು, ಯಾರಿಗೋ ಏನೋ ಕೊಡೂದಿತ್ತಂತ. ಬಸ್ಸಿನಿಂದ ಇಳಿಯೂಮುಂದ ಕಣ್ಣ ಕತ್ತಲಿ ಬಂದ ಬಿದ್ದಿದ್ರಿ."

"ಯಾರಂತ ಹೇಳ್ಲಿಲ್ಲೇನ್ರಿ ಕಾಕು?" ಅಂದೆ.

"ಎಲ್ಲಿ ಹೇಳ್ಯಾರ? ಯಾರ ಕೈಲೆ ಆತು ಅಂತ ನಾ ಕೇಳಿದೆ. 'ಹೆಸರ ಯಾಕ ಬೇಕ? ಆ ಮನಷಾನೂ ಅಂಜಿದ್ದ' ಅಂದ್ರು." ಕಾಕು ಅಕ್ಕಿಯಿಂದ ಕಣ್ಣೆತ್ತಿ ನನ್ನನ್ನು ನೋಡಿದರು. "ನೀವು ಅಂಗಡಿಗೆ ಬರಾಂವ ಅಂತೀರಿ. ನಿಮಗೇನರ ಗೊತ್ತೇನ್ರಿ, ಯಾರ ಗಾಡಿ ಅದು?"

ಬಾಗಿಲ ಹೊರಗೆ ಬಿಸಿಲಲ್ಲಿ ಗಾಡಿ ನಿಂತಿತ್ತು. ನಾನು ಕೈ ಮಾಡಿ ತೋರಿಸಿದೆ.

"ಅದ ರೀ ಕಾಕು" ಅಂದೆ. "ನಂದು."